ಮಕ್ಕಳನ್ನು ಇದರೊಂದಿಗೆ ಲಗತ್ತಿಸಿದೆ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೇಳುವವರಿಲ್ಲ ಕೇಳುವವರಿಲ್ಲ, ಲೆಕ್ಕವಿಲ್ಲ ಪತ್ರವಿಲ್ಲ ಎಂದು ಗೊಣಗುವವರು ಒಂದು ಸಲ ಅಲ್ಲಿನ ಸುತ್ತೋಲೆಗಳ ಕಡತ ಬಿಚ್ಚಿ ನೋಡಬೇಕು. ಈ ರಾಜ್ಯದಲ್ಲಿ ಅಷ್ಟೊಂದು ಅಳೆಸಿಕೊಂಡು, ತೂಗಿಸಿಕೊಂಡು ಬದುಕುವ ಜೀವಿ ಆ ಶಾಲೆಯ ಮಗುವನ್ನು ಬಿಟ್ಟರೆ ಇನ್ನೊಂದಿಲ್ಲ. ಒಂದರಿಂದ ಐದನೇ ತರಗತಿಯ ಮಗುವಿಗೆ ಮಧ್ಯಾಹ್ನ 100 ಗ್ರಾಂ ಧಾನ್ಯದಷ್ಟು ಹಸಿವಾಗಬೇಕು. ಆರನೇ ತರಗತಿಗೆ ಕಾಲಿಟ್ಟ ದಿನ ಹಸಿವಿಗೂ ಬಡ್ತಿ ಸಿಕ್ಕಿ 150 ಗ್ರಾಂ ಆಗಬೇಕು. ಹಾಲು 150 ಮಿಲಿಲೀಟರ್, ಅದರಲ್ಲಿ ಕದಡಿದ ಪುಡಿ 18 ಗ್ರಾಂ. ನಾಡಗೀತೆ ಎರಡೂವರೆ ನಿಮಿಷ. ಒಂದನೇ ತರಗತಿಯ ಪುಟಾಣಿಯ ಬೆನ್ನ ಮೇಲಿನ ಚೀಲ ಎರಡು ಕಿಲೋ ಮೀರಕೂಡದು ಎಂದು 2019ರಲ್ಲೇ ಆದೇಶವಾಗಿದೆ.

ಪಾಠಕ್ಕೆ ಅಳತೆ ಇಲ್ಲವೇ ಎಂದರೆ, ಅದೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಎಂದು ಸ್ಪಷ್ಟವಾಗಿ ಬರೆದಿದೆ. ವ್ಯತ್ಯಾಸ ಇಷ್ಟೇ: ಅಕ್ಕಿಗೆ ತಕ್ಕಡಿ ಕೊಟ್ಟಿದ್ದಾರೆ, ಹಾಲಿಗೆ ಲೋಟ ಕೊಟ್ಟಿದ್ದಾರೆ, ಹಾಜರಾತಿಗೆ ಆ್ಯಪ್ ಕೊಟ್ಟಿದ್ದಾರೆ. ಆ 800 ಗಂಟೆಯನ್ನು ಅಳೆಯುವ ಪಾತ್ರೆಯೊಂದು ಮಾತ್ರ ಇಲಾಖೆಯ ಉಗ್ರಾಣಕ್ಕೆ ಇನ್ನೂ ಬಂದಿಲ್ಲ. ತಪಾಸಣೆಗೆ ಬಂದ ಸಾಹೇಬರು ಪಾಠ ಯೋಜನೆ ಬರೆದಿದ್ದೀರಾ ಎಂದು ಕೇಳುತ್ತಾರೆ. ಬರೆದಿದ್ದರೆ ಸಹಿ ಹಾಕುತ್ತಾರೆ. ಪಾಠ ಆಯಿತೇ ಎಂದು ಕೇಳುವುದು ಸೌಜನ್ಯವಲ್ಲ ಎಂದುಕೊಂಡೋ ಏನೋ, ಜೀಪು ಹತ್ತುತ್ತಾರೆ.

ದಿನ ಶುರುವಾಗುವುದು ಪ್ರಾರ್ಥನೆಯಿಂದ. ನಾಡಗೀತೆಯನ್ನು ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂಬ ಜಗಳ ವರ್ಷಗಟ್ಟಲೆ ನಡೆದು, ಸಮಿತಿಗಳು ಕೂತು ಎದ್ದು, ಕೊನೆಗೆ 2022ರಲ್ಲಿ ಸರ್ಕಾರ ಇತ್ಯರ್ಥ ಮಾಡಿತು: ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು, ಆಲಾಪ ಬೇಡ, ಹೇಳಿದ್ದನ್ನೇ ಹೇಳುವುದು ಬೇಡ. ಕುವೆಂಪು ಗಡಿಯಾರ ನೋಡಿಕೊಂಡು ಪದ್ಯ ಬರೆಯಲಿಲ್ಲ ಎಂಬ ಕೊರತೆ ಹೀಗೆ ನೀಗಿತು. ನಮ್ಮ ಮಕ್ಕಳಿಗೆ ಈ ಎರಡೂವರೆ ನಿಮಿಷವೂ ಬೇಕಿಲ್ಲ. ಬರಿಹೊಟ್ಟೆಯಲ್ಲಿ ಬಂದ ಹುಡುಗರು ಒಂದೇ ಉಸಿರಿಗೆ ಮುಗಿಸುತ್ತಾರೆ. ಹಾಡಿನ ಹಿಂದೆಯೇ ಹಾಲು ಇದೆ ಎಂಬ ಗುಟ್ಟು ಅವರಿಗೆ ಗೊತ್ತು.

2023ರಿಂದ ಸಂವಿಧಾನದ ಪೀಠಿಕೆಯನ್ನೂ ದಿನಾ ಓದಿಸಬೇಕು. ಓದಿಸಲೇಬೇಕು, ಒಳ್ಳೆಯ ಕೆಲಸ. ಆದರೆ ಸಮಯದ ಹೊಂದಾಣಿಕೆಯಲ್ಲಿ ಯಾರೋ ತಮಾಷೆ ಮಾಡಿದ ಹಾಗಿದೆ. ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳು ಸ್ಥಾನಮಾನದ ಸಮಾನತೆಯ ಮಾತಿಗೆ ಬರುವ ಹೊತ್ತಿಗೆ ಸರಿಯಾಗಿ ಗೇಟಿನಾಚೆ ಖಾಸಗಿ ಶಾಲೆಯ ಹಳದಿ ವ್ಯಾನು ಹಾದುಹೋಗುತ್ತದೆ. ಒಳಗೆ ಅದೇ ಊರಿನ ಉಳಿದರ್ಧ ಮಕ್ಕಳು ಟೈ ಕಟ್ಟಿಕೊಂಡು ಕೂತಿರುತ್ತಾರೆ. ನಮ್ಮವರು ಸಮಾನತೆ ಎನ್ನುತ್ತಲೇ ಅವರಿಗೆ ಕೈ ಬೀಸುತ್ತಾರೆ. ಪೀಠಿಕೆಗೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣವನ್ನು ಯಾವ ತರಬೇತಿಯಲ್ಲೂ ಕೊಟ್ಟಿಲ್ಲ.

ಆಮೇಲೆ ಪಂಚಾಂಗ, ನುಡಿಮುತ್ತು, ವಾರ್ತೆ. ಐದನೇ ತರಗತಿಯ ಹುಡುಗಿ ಪೇಪರು ಹಿಡಿದು ಗಟ್ಟಿಯಾಗಿ ಓದುತ್ತಾಳೆ: ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ, ಶೀಘ್ರ ಭರ್ತಿಗೆ ಕ್ರಮ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದೇ ವಾರ್ತೆಯನ್ನು ಅವಳ ಅಕ್ಕ ಇದೇ ಅಂಗಳದಲ್ಲಿ ನಿಂತು ಓದಿದ್ದಳು. ಶಾಲೆಯಲ್ಲಿ ಮಕ್ಕಳ ಓದುವ ಕೌಶಲ ಇಷ್ಟರಮಟ್ಟಿಗೆ ಸುಧಾರಿಸಿರುವುದಕ್ಕೆ ಅಭ್ಯಾಸಬಲವೇ ಕಾರಣ.

ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಒಳಗೆ ಹೋಗುತ್ತಾರೆ, ಹೆಡ್‌ಮಾಸ್ಟರು ಹೊರಗೆ ಹೋಗುತ್ತಾರೆ. ನೆಟ್‌ವರ್ಕ್ ಸಿಗುವುದು ಹೊರಗೆ. ಹಾಜರಾತಿ ಏರಿಸಬೇಕು, ಇವತ್ತು ಊಟ ಮಾಡುವವರೆಷ್ಟು ಎಂದು ಕಳಿಸಬೇಕು, ಸ್ಯಾಟ್ಸ್ ಪೋರ್ಟಲ್ ತುಂಬಬೇಕು, ಯುಡೈಸ್ ಪೋರ್ಟಲ್ ತುಂಬಬೇಕು, ಮಗುವಿಗೊಂದು ಅಪಾರ್ ಗುರುತುಸಂಖ್ಯೆ ಮಾಡಬೇಕು. ಮಂಜನ ಕಥೆಯನ್ನೇ ತೆಗೆದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಅವನು ಮಂಜುನಾಥ, ಆಧಾರ್‌ನಲ್ಲಿ ಇಂಗ್ಲಿಷಿನ ಒಂದು ಎಚ್ ಹೆಚ್ಚಾಗಿರುವ ಬೇರೊಬ್ಬ ಮಂಜುನಾಥ. ಎರಡೂ ತಾಳೆಯಾಗದೆ ಅಪಾರ್ ಆಗುವುದಿಲ್ಲ. ಆ ಒಂದು ಎಚ್ ತೆಗೆಸಲು ಅವನ ಅಪ್ಪ ಎರಡು ದಿನದ ಕೂಲಿ ಬಿಟ್ಟು ಹೋಬಳಿಗೆ ಅಲೆಯುತ್ತಾನೆ. ಮಂಜನಿಗೆ ಎಚ್ ಅಕ್ಷರ ಗೊತ್ತಿದೆಯೇ ಎಂದು ಯಾರೂ ಕೇಳಿಲ್ಲ. ಅದಕ್ಕೆ ಕಾಲಂ ಇಲ್ಲ.

ಇನ್ನು ಫೋಟೊ. ಒಂದು ಕಾಲಕ್ಕೆ ಶಾಲೆಯಲ್ಲಿ ವರ್ಷಕ್ಕೊಂದು ಗ್ರೂಪ್ ಫೋಟೊ ತೆಗೆಯುತ್ತಿದ್ದರು. ಈಗ ದಿನಕ್ಕೊಂದಾದರೂ ಬೇಕು. ಹಾಲು ಕುಡಿದದ್ದಕ್ಕೆ, ಕೈ ತೊಳೆದದ್ದಕ್ಕೆ, ಜಂತುಹುಳದ ಮಾತ್ರೆ ನುಂಗಿದ್ದಕ್ಕೆ, ಯೋಗ ಮಾಡಿದ್ದಕ್ಕೆ, ಪ್ರತಿಜ್ಞೆ ತೊಟ್ಟಿದ್ದಕ್ಕೆ, ಎಲ್ಲದಕ್ಕೂ ಅಕ್ಷಾಂಶ ರೇಖಾಂಶ ಸಮೇತ ಜಿಪಿಎಸ್ ಫೋಟೊ. ಅಮ್ಮನ ಹೆಸರಲ್ಲಿ ಗಿಡ ನೆಡುವ ಅಭಿಯಾನ ಬಂದಾಗ ಇಂಥ ಫೋಟೊಗಳ ಸುಗ್ಗಿ. ಗುಂಡಿ ಹೋದ ವರ್ಷದ್ದೇ, ಗಿಡ ಮಾತ್ರ ಹೊಸದು. ಹಳೆಯ ಗಿಡ ಎಲ್ಲಿ ಹೋಯಿತು ಎಂದು ಆಡಿಗೆ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ಫೋಟೊದಲ್ಲಿ ನಿಲ್ಲುವ ಮಕ್ಕಳೂ ಗೊತ್ತುಪಡಿಸಿದವರು: ಯೂನಿಫಾರಂ ಹರಿಯದವರು, ಶೂ ಇರುವವರು. ಉಳಿದವರು ಕ್ಯಾಮೆರಾದ ಹಿಂದೆ. ಎಲ್ಲ ಮುಗಿದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಪತ್ರ ಹೊರಡುತ್ತದೆ: ಕಾರ್ಯಕ್ರಮವನ್ನು ಅರ್ಥಪೂರ್ಣವಾಗಿ ಆಚರಿಸಲಾಯಿತು, ಛಾಯಾಚಿತ್ರಗಳನ್ನು ಇದರೊಂದಿಗೆ ಲಗತ್ತಿಸಿದೆ. ಮಕ್ಕಳು ನಮ್ಮ ಶಾಲೆಗಳಲ್ಲಿ ದಿನವಿಡೀ ಮಾಡುವ ಮುಖ್ಯ ಕೆಲಸ ಇದೇ, ಲಗತ್ತಾಗುವುದು.

ಒಳಗೆ ಹೋಗೋಣ. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ. ಇದರ ಹುಟ್ಟನ್ನು ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಲ್ಲಿ, ಕಾಡಂಚಿನ ಶಾಲೆಗಳ ಮೇಷ್ಟ್ರುಗಳೇ ಕೂತು ಚರ್ಚಿಸಿ, ಕಾರ್ಡು ಕತ್ತರಿಸಿ, ಬಣ್ಣ ಹಚ್ಚಿ ರೂಪಿಸಿದ ಕ್ರಮ ಅದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ, ಹಿಂದೆ ಬಿದ್ದದ್ದಕ್ಕೆ ಹೊಡೆತ ಬೇಡ, ಮುಂದೆ ಹೋದದ್ದಕ್ಕೆ ತಡೆ ಬೇಡ ಎಂಬ ಸರಳ ವಿವೇಕ. ಮೇಷ್ಟ್ರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿರುವ ಒಳ್ಳೆಯ ಸಾಕ್ಷಿ. ಇಷ್ಟು ಒಳ್ಳೆಯದು ಇಲಾಖೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? 2009-10ರಲ್ಲಿ ರಾಜ್ಯವೆಲ್ಲ ಹಬ್ಬಿತು. ಹಬ್ಬಿದ್ದೇ ಅದಕ್ಕೆ ನಮೂನೆಗಳು ಹುಟ್ಟಿದವು. ಕಲಿಕಾ ಏಣಿ ಗೋಡೆಗೆ ಅಂಟಿದೆಯೇ, ಚಪ್ಪರದಲ್ಲಿ ಮಕ್ಕಳ ಕೆಲಸ ತೂಗುತ್ತಿದೆಯೇ, ಗುಂಪು ತಟ್ಟೆಗಳು ಐದೂ ಇವೆಯೇ, ಪ್ರಗತಿ ನೋಟ ತುಂಬಿದೆಯೇ? ಇವಿಷ್ಟಕ್ಕೂ ಹೌದು ಎಂದರೆ ಮಗು ನಲಿಯುತ್ತ ಕಲಿಯುತ್ತಿದೆ ಎಂದೇ ಅರ್ಥ.

ನಲಿ-ಕಲಿಯಿಂದ ಇಲಾಖೆಗೆ ಆದ ಇನ್ನೊಂದು ಉಪಕಾರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅದು ಬೋಧನಾಶಾಸ್ತ್ರ. ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅದು ಶಿಕ್ಷಕರ ಕೊರತೆ. ಕಿಟಕಿಯ ಹೊರಗೆ ನಿಂತು ಫೋಟೊ ತೆಗೆದರೆ ಎರಡೂ ಒಂದೇ ಥರ ಕಾಣುತ್ತವೆ. ಕಾಯ್ದೆಯ ಪ್ರಕಾರ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಐದು ತರಗತಿ ಸೇರಿ ಹದಿನೆಂಟು ಮಕ್ಕಳಿರುವ ಶಾಲೆಗೆ ಒಬ್ಬರನ್ನು ಕೊಟ್ಟು, ಅನುಪಾತ ಕಾಯ್ದೆಗಿಂತ ಉತ್ತಮವಾಗಿದೆ ಎಂದು ಬೀಗುವ ಅಂಕಿಅಂಶ ತಜ್ಞರು ನಮ್ಮಲ್ಲಿದ್ದಾರೆ. ಆ ಒಬ್ಬರು ಏಕಕಾಲಕ್ಕೆ ಅ-ಆ, ಮಗ್ಗಿ, ಪರಿಸರ ಅಧ್ಯಯನ, ಇಂಗ್ಲಿಷು ಎಲ್ಲವನ್ನೂ ನಡೆಸುತ್ತಾರೆ. ಅವರಿಗೆ ಬ್ಲಾಕಿನಲ್ಲಿ ಮೀಟಿಂಗು ಬಂದ ದಿನ ಶಾಲೆಯನ್ನು ಅಡುಗೆಯ ಅಕ್ಕ ನೋಡಿಕೊಳ್ಳುತ್ತಾರೆ. ಅವತ್ತು ಶಾಲೆಯಲ್ಲಿ ಗಲಾಟೆ ಕಡಿಮೆ ಎಂಬ ಮಾತೂ ಇದೆ. ಅಕ್ಕನ ಕೈಯಲ್ಲಿ ಸೌಟು ಇರುತ್ತದೆ.

ಅಕ್ಕನ ಮಾತು ಬಂತು, ಮೊಟ್ಟೆಯ ಮಾತೂ ಬರಲಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳ ತಟ್ಟೆಗೆ ಮೊಟ್ಟೆ ಬಿದ್ದಾಗ ನಾಡಿನ ದೊಡ್ಡದೊಡ್ಡವರು ತಮ್ಮ ತಮ್ಮ ಪೀಠದಿಂದಲೇ ತಳಮಳಿಸಿದರು. ಅಪೌಷ್ಟಿಕತೆ ಮಕ್ಕಳಿಗೆ, ಸಂಕಟ ಮಾತ್ರ ಇವರಿಗೆ. ಕೊಪ್ಪಳ ಸೀಮೆಯ ಒಬ್ಬ ಶಾಲಾ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಬೇಕಾದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತನ್ನು ಜಬರ್ದಸ್ತಾಗಿ ಹೇಳಿದ ಮೇಲೆ ಚರ್ಚೆಯ ಸದ್ದು ಸ್ವಲ್ಪ ತಗ್ಗಿತು. ಕಲಿಕಾ ಫಲ ಎಂದರೆ ಅದು. ಅದನ್ನು ಯಾವ ನಮೂನೆಯಲ್ಲೂ ದಾಖಲಿಸಿಲ್ಲ.

ಈಗ ವಾರಕ್ಕೆ ಆರು ದಿನವೂ ಮೊಟ್ಟೆ. ಎರಡು ದಿನದ್ದು ಸರ್ಕಾರದ್ದು, 2024ರ ಸೆಪ್ಟೆಂಬರ್‌ನಿಂದ ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು. ಒಳ್ಳೆಯ ಕೆಲಸಕ್ಕೆ ಕೈಮುಗಿಯಬೇಕು. ಮುಗಿದ ಕೈಯಲ್ಲೇ ಲೆಕ್ಕದ ಪುಸ್ತಕವನ್ನೂ ತೆರೆಯಬೇಕು. ಮೊಟ್ಟೆಯೊಂದಕ್ಕೆ ನಿಗದಿಯಾದದ್ದು 6 ರೂಪಾಯಿ. ಬೇಯಿಸುವ ಇಂಧನದ 50 ಪೈಸೆಯೂ ಸಿಪ್ಪೆ ಸುಲಿಯುವ ಕೂಲಿ 30 ಪೈಸೆಯೂ ಅದರೊಳಗೇ. ಉಳಿದದ್ದರಲ್ಲಿ ಮೊಟ್ಟೆ ಕೊಳ್ಳಬೇಕು. ಅಂಗಡಿಯವನು ಇಲಾಖೆಯ ಸುತ್ತೋಲೆ ಓದುವುದಿಲ್ಲ. ದರ ಏರಿದಾಗ ಹೆಡ್‌ಮಾಸ್ಟರು ತಮ್ಮ ಜೇಬಿನಿಂದ ಪೌಷ್ಟಿಕತೆ ತುಂಬುತ್ತಾರೆ.

ಆ ಮೂವತ್ತು ಪೈಸೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಐವತ್ತು ಪೈಸೆಗಿಂತ ಚಿಕ್ಕ ನಾಣ್ಯಗಳು 2011ರಲ್ಲೇ ಚಲಾವಣೆಯಿಂದ ಹೋಗಿವೆ. ಭಿಕ್ಷುಕರು ಮುಟ್ಟುವುದಿಲ್ಲ, ದೇವರ ಹುಂಡಿಯೂ ಒಲ್ಲೆನ್ನುತ್ತದೆ. ಆದರೂ ಸರ್ಕಾರದ ಕಾಗದದಲ್ಲಿ ಪೈಸೆ ಜೀವಂತವಾಗಿದೆ, ಅದು ದೊರೆಯುವ ಏಕೈಕ ಸ್ಥಳ ಶಾಲೆಯ ಅಡುಗೆಮನೆ. ಮಕ್ಕಳಿಗೆ ಇದನ್ನೇ ಬಾಯಿಲೆಕ್ಕವಾಗಿ ಕೊಡಬಹುದು: ಒಂದು ಮೊಟ್ಟೆ ಸುಲಿದರೆ 30 ಪೈಸೆ, 60 ಮೊಟ್ಟೆ ಸುಲಿದರೆ ಎಷ್ಟು? ಹದಿನೆಂಟು ರೂಪಾಯಿ ಎಂದು ಮೂರನೇ ತರಗತಿಯ ಹುಡುಗ ಹೇಳಿಯೇ ಹೇಳುತ್ತಾನೆ. ಅವನ ಮುಂದಿನ ಪ್ರಶ್ನೆಗೆ ಮಾತ್ರ ಉತ್ತರ ತಯಾರಿಟ್ಟುಕೊಂಡಿರಿ: 'ಪೈಸೆ ಅಂದ್ರೆ ಏನು ಮಿಸ್?' ಅಡುಗೆಯವರ ಗೌರವಧನವನ್ನು 2025ರ ಬಜೆಟ್‌ನಲ್ಲಿ ಒಂದು ಸಾವಿರ ಏರಿಸಿದರು. ಏರಿದ ಮೇಲೆ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 4,700 ರೂಪಾಯಿ. ಸಂಬಳ ಎಂದರೆ ಕನಿಷ್ಠ ವೇತನದ ತಕರಾರು ಬರುತ್ತದೆ. ಗೌರವಕ್ಕೆ ಕನಿಷ್ಠ ಮಿತಿ ಇಲ್ಲ.

ಊಟ ಆದ ಮೇಲೆ ಪಾಠಕ್ಕೆ ಕೂರೋಣ ಎಂದರೆ ಮೇಷ್ಟ್ರಿಗೆ ಬೇರೆ ಕೆಲಸ ಕಾದಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಬಹಳ ಕಟ್ಟುನಿಟ್ಟು: ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಕೂಡದು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ ವಿನಾಯಿತಿ. ಓದಿದರೆ ಕಣ್ಣು ತುಂಬಿ ಬರುವ ಸೆಕ್ಷನ್ನು. ಚುನಾವಣೆ ಐದು ವರ್ಷಕ್ಕೊಮ್ಮೆ ಎಂದು ಶಾಸನ ಬರೆದವರು ಭಾವಿಸಿರಬೇಕು. ಲೋಕಸಭೆ, ವಿಧಾನಸಭೆ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಚುನಾವಣೆಯೇ ಇಲ್ಲದ ಕಾಲಕ್ಕೂ ಮತಗಟ್ಟೆ ಮಟ್ಟದ ಅಧಿಕಾರಿ ಎಂಬ ಹೆಸರಲ್ಲಿ ಮತದಾರರ ಪಟ್ಟಿ ಹಿಡಿದು ತಿರುಗುವ ಕೆಲಸವಿದೆ. ಯಾರು ಸತ್ತರು, ಯಾರು ಮದುವೆಯಾಗಿ ಹೋದರು, ಯಾರಿಗೆ ಹದಿನೆಂಟು ತುಂಬಿತು ಎಂಬುದು ಮೇಷ್ಟ್ರಿಗೆ ಗೊತ್ತಿರಬೇಕು. ಯಾರಿಗೆ ಒತ್ತಕ್ಷರ ಬರುವುದಿಲ್ಲ ಎಂಬುದು ಗೊತ್ತಿದ್ದರೆ ಅದು ಹೆಚ್ಚುವರಿ ಅರ್ಹತೆ.

2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮೇಷ್ಟ್ರುಗಳು ಮೊಬೈಲು ಹಿಡಿದು, ಕರೆಂಟು ಮೀಟರಿನ ಜಾಡು ಹಿಡಿದು ಮನೆಮನೆ ತಿರುಗಿದರು. ಮನೆಗೆ 60 ಪ್ರಶ್ನೆ. ದಸರಾ ರಜೆಯಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಎಳೆದದ್ದು ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಹಳದಿ ವ್ಯಾನು 8ನೇ ತಾರೀಕಿನಿಂದಲೇ ಓಡತೊಡಗಿತು. ಯಾರು ಶೈಕ್ಷಣಿಕವಾಗಿ ಹಿಂದುಳಿದಿದ್ದಾರೆ ಎಂದು ಪತ್ತೆ ಮಾಡುವ ಸಲುವಾಗಿ ಹಿಂದುಳಿದವರ ಮಕ್ಕಳ ಶಾಲೆಗಳನ್ನೇ ಮುಚ್ಚಿಟ್ಟ ಈ ವೈಜ್ಞಾನಿಕ ವಿಧಾನವನ್ನು ಮೆಚ್ಚಲೇಬೇಕು. ಸಮೀಕ್ಷೆ ತಪ್ಪೆಂದು ಯಾರೂ ಹೇಳುತ್ತಿಲ್ಲ. ನಾಡಿನಲ್ಲಿ ನಿರುದ್ಯೋಗಿ ಪದವೀಧರರು ಸಿಗದೆ ಮೇಷ್ಟ್ರನ್ನೇ ಎಳೆಯಬೇಕಾಯಿತಲ್ಲ ಎಂಬ ಸಂಕಟ ಅಷ್ಟೇ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಬಂದು ನಿಂತಿದೆ. ಅದಂತೂ ಕಾಯ್ದೆಯೇ ಒಪ್ಪಿದ ವಿನಾಯಿತಿ, ಕೇಳುವಂತೆಯೇ ಇಲ್ಲ.

ಹೀಗೆಲ್ಲ ಆಗಿಯೂ ಮಕ್ಕಳು ಏನು ಕಲಿತರು ಎಂದು ಪರೀಕ್ಷಿಸುವ ಉತ್ಸಾಹ ಒಮ್ಮೊಮ್ಮೆ ಉಕ್ಕಿ ಬರುತ್ತದೆ. 2024ರ ಮಾರ್ಚ್ ತಿಂಗಳು ನೆನಪಿರಬಹುದು. ಐದನೇ ತರಗತಿಯ ಮಕ್ಕಳಿಗೂ ಬೋರ್ಡ್ ಮಾದರಿಯ ಪರೀಕ್ಷೆ ಎಂದಿತು ಇಲಾಖೆ. 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು. ಮರುದಿನ ವಿಭಾಗೀಯ ಪೀಠ ನಡೆಯಲಿ ಎಂದಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿ ಎಂದಿತು. 22ರಂದು ಹೈಕೋರ್ಟ್ ಮತ್ತೆ ನಡೆಸಿ ಎಂದಿತು. 25ರಿಂದ ಮಕ್ಕಳು ಬಾಕಿ ಪತ್ರಿಕೆ ಬರೆದರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ತಡೆಹಿಡಿಯಿತು. ಹತ್ತು ವರ್ಷದ ಮಗು ಒಂದು ತಿಂಗಳಲ್ಲಿ ಏಕಸದಸ್ಯ ಪೀಠದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ನ್ಯಾಯಾಂಗದ ಎಲ್ಲ ಮೆಟ್ಟಿಲು ಕಲಿಯಿತು. ಕನ್ನಡ, ಗಣಿತದ ವಿಷಯ ಬಿಡಿ, ಪೌರನೀತಿಯಲ್ಲಿ ಇಡೀ ರಾಜ್ಯವೇ ಪಾಸು. ನಪಾಸಾದವರು ಯಾರು ಎಂಬುದರ ಫಲಿತಾಂಶವನ್ನು ಮಾತ್ರ ಯಾರೂ ಪ್ರಕಟಿಸಲಿಲ್ಲ.

ಇಲಾಖೆಯಲ್ಲಿ ಕವಿಗಳಿಗೆ ಬರವಿಲ್ಲ ಎಂಬುದನ್ನೂ ಹೇಳಬೇಕು. ಚಿಣ್ಣರ ಅಂಗಳ, ಸಮುದಾಯದತ್ತ ಶಾಲೆ, ಪ್ರತಿಭಾ ಕಾರಂಜಿ, ಕಲಿಕಾ ಚೇತರಿಕೆ, ಕಲಿಕಾ ಹಬ್ಬ, ಓದು ಕರ್ನಾಟಕ, ಮರುಸಿಂಚನ, ಸಂಭ್ರಮ ಶನಿವಾರ. ಒಂದೊಂದು ಹೆಸರೂ ಭಾವಗೀತೆಯ ಪಲ್ಲವಿಯಂತಿದೆ. ಚರಣಕ್ಕೆ ಬರುವಷ್ಟರಲ್ಲಿ ವರ್ಷ ಮುಗಿದು ಹೊಸ ಪಲ್ಲವಿ ಬಂದಿರುತ್ತದೆ. ಒಂದೊಂದಕ್ಕೂ ತರಬೇತಿ, ಒಂದೊಂದಕ್ಕೂ ಕೈಪಿಡಿ, ಒಂದೊಂದಕ್ಕೂ ಬ್ಯಾನರು. ಸಂಭ್ರಮ ಶನಿವಾರ ಎಂದರೆ ತಿಂಗಳಿಗೊಂದು ದಿನ ಚೀಲವಿಲ್ಲದೆ ಬರುವ ಸಂಭ್ರಮ. ಪಠ್ಯಪುಸ್ತಕ ತಡವಾದ ವರ್ಷ ಎಷ್ಟೋ ಮಕ್ಕಳು ಇಡೀ ಜೂನ್ ತಿಂಗಳನ್ನು ಸಂಭ್ರಮದಲ್ಲೇ ಕಳೆದದ್ದುಂಟು.

ದುಡ್ಡಿನ ಮಾತಿಗೆ ಬಂದರೆ, ಮೂವತ್ತು ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಸಂಯುಕ್ತ ಅನುದಾನ. ದಿನಕ್ಕೆ 27 ರೂಪಾಯಿ ಚಿಲ್ಲರೆ. ಸೀಮೆಸುಣ್ಣ, ಪೊರಕೆ, ರಿಜಿಸ್ಟರು, ಒಡೆದ ಹೆಂಚು, ಮುರಿದ ಬೀಗ ಎಲ್ಲ ಅದರಲ್ಲೇ. ಅದರ ಹತ್ತನೇ ಒಂದು ಭಾಗವನ್ನು ಸ್ವಚ್ಛತೆಗೆ ಬಳಸತಕ್ಕದ್ದು. ಅಂದರೆ ದಿನಕ್ಕೆ ಎರಡೂಮುಕ್ಕಾಲು ರೂಪಾಯಿಯಲ್ಲಿ ಶೌಚಾಲಯ ಫಳಫಳ ಎನ್ನಬೇಕು. ಸರ್ಕಾರಿ ಶಾಲೆಯ ಕರೆಂಟ್ ಬಿಲ್ಲನ್ನು ಸರ್ಕಾರವೇ ಕಟ್ಟಬೇಕು ಎಂಬ ತತ್ವ ಹೊಳೆಯಲು ನಾಡು 2023ರ ರಾಜ್ಯೋತ್ಸವದವರೆಗೆ ಕಾಯಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಹೊರಬಿದ್ದು, ಜನ ಛೀಮಾರಿ ಹಾಕಿದ ಮೇಲೆ ಒಳಗೆ ಹೋಗಿತ್ತು. ಅದೇ 2022ರ ನವೆಂಬರ್‌ನಲ್ಲಿ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯಬೇಕೇ ಎಂದು ಪಕ್ಷಗಳು ಕಾದಾಡಿದವು. ಬಣ್ಣದ ವಿಷಯದಲ್ಲಿ ಮಕ್ಕಳಿಗೆ ಅಭಿಪ್ರಾಯಭೇದ ಇರಲಿಲ್ಲ. ಮೇಲೆ ಸೂರು ಇದ್ದರೆ ಸಾಕು, ಗೋಡೆ ಯಾವ ಪಕ್ಷದ್ದಾದರೂ ಆಗಲಿ.

ಇಷ್ಟೆಲ್ಲ ಸುತ್ತೋಲೆಗೆ ಸಹಿ ಹಾಕುವವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ಕೇಳುವುದು ಅಸಭ್ಯ ಪ್ರಶ್ನೆ. ಅಂಥ ಅಸಭ್ಯತೆಯನ್ನು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ತೋರಿತ್ತು. ಸರ್ಕಾರದ ಬೊಕ್ಕಸದಿಂದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ಮಾಡಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ನಮ್ಮಲ್ಲಿ ಅದನ್ನು ಓದಿ ಭಲೇ ಎಂದವರು ಬಹಳ. ಭಲೇ ಎಂದು ಮುಗಿಸಿ, ಮಕ್ಕಳನ್ನು ವ್ಯಾನಿಗೆ ಹತ್ತಿಸಲು ಗೇಟಿಗೆ ಹೋದವರೂ ಅವರೇ. ನವೆಂಬರ್ ಬಂತೆಂದರೆ ಕನ್ನಡ ಶಾಲೆ ಉಳಿಸಿ ಎಂದು ವೇದಿಕೆಯ ಮೇಲೆ ಗದ್ಗದಿತರಾಗುವ ಸಾಹಿತಿ, ಕೆಳಗಿಳಿದ ಮೇಲೆ ಮೊಮ್ಮಗಳ ಇಂಟರ್‌ನ್ಯಾಷನಲ್ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಅವಸರದಲ್ಲಿ ಹೊರಡುತ್ತಾರೆ. ದಾಖಲಾತಿ ಆಂದೋಲನದಲ್ಲಿ ತಮಟೆ ಹೊಡೆಸಿಕೊಂಡು ಮನೆಮನೆಗೆ ಹೋಗುವ ಮೇಷ್ಟ್ರಿಗೆ ಊರವರು ಕೇಳುವ ಮೊದಲ ಪ್ರಶ್ನೆಯೂ ಒಂದೇ: 'ನಿಮ್ಮ ಹುಡುಗನ್ನ ಎಲ್ಲಿಗೆ ಹಾಕಿದ್ದೀರಿ ಮೇಷ್ಟ್ರೇ?' ತಮಟೆಯವನು ಆ ಹೊತ್ತಿಗೆ ಸರಿಯಾಗಿ ಜೋರಾಗಿ ಬಾರಿಸಿ ಅವರ ಮಾನ ಉಳಿಸುತ್ತಾನೆ.

ಈ ಅಳತೆ, ಫೋಟೊ, ಸುತ್ತೋಲೆಗಳ ಕಾಟದಲ್ಲಿ ಒಳಸಂಚೇನೂ ಇಲ್ಲ. ಮೇಲಿನವರಿಗೆ ಮೇಷ್ಟ್ರ ಮೇಲೆ ನಂಬಿಕೆಯಿಲ್ಲ, ಆದ್ದರಿಂದ ಪುರಾವೆ ಕೇಳುತ್ತಾರೆ. ಪುರಾವೆ ಒದಗಿಸುವಷ್ಟರಲ್ಲಿ ದಿನ ಮುಗಿಯುತ್ತದೆ, ಕೆಲಸ ಉಳಿಯುತ್ತದೆ. ಕೆಲಸ ಉಳಿದದ್ದನ್ನು ಕಂಡು ನಂಬಿಕೆ ಇನ್ನಷ್ಟು ಕುಸಿಯುತ್ತದೆ, ಇನ್ನೊಂದು ಆ್ಯಪ್ ಬರುತ್ತದೆ. ಮಗು ಓದುವುದಕ್ಕೆ ಬಂದದ್ದು, ರುಜುವಾತಾಗಿ ಮನೆಗೆ ಹೋಗುತ್ತದೆ.

ಟೀಕಿಸುವುದು ಸುಲಭ, ಪರಿಹಾರ ಹೇಳಿ ಎನ್ನುವವರಿದ್ದಾರೆ. ಅವರಿಗಾಗಿ ನಾನೊಂದು ಯೋಜನೆ ಸಿದ್ಧಪಡಿಸಿದ್ದೇನೆ. ಹೆಸರು 'ಪಾಠ ಭಾಗ್ಯ'. ಪ್ರತಿ ಮಗುವಿಗೆ ದಿನವೊಂದಕ್ಕೆ ನಾಲ್ಕು ಗಂಟೆ ತಾಜಾ ಪಾಠ, ಬಿಸಿಯಾಗಿರುವಾಗಲೇ ಬಡಿಸತಕ್ಕದ್ದು. ಬಡಿಸುವ ಮುನ್ನ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ರುಚಿ ನೋಡತಕ್ಕದ್ದು. ಅರ್ಥವಾದ ಮಕ್ಕಳ ಸಂಖ್ಯೆಯನ್ನು ಮಧ್ಯಾಹ್ನದೊಳಗೆ ಎಸ್‌ಎಂಎಸ್ ಮಾಡತಕ್ಕದ್ದು. ಅರ್ಥವಾದ ಕ್ಷಣದ ಜಿಪಿಎಸ್ ಫೋಟೊ ಕಡ್ಡಾಯ. ಅರ್ಥ ಮಾಡಿಸುವ ಕೂಲಿ ಮಗುವೊಂದಕ್ಕೆ 30 ಪೈಸೆ. ವಿಧಾನಸೌಧದ ಮುಂದೆ ಉದ್ಘಾಟನೆ, ಸಾಂಕೇತಿಕವಾಗಿ ಹತ್ತು ಮಕ್ಕಳಿಗೆ ಮಗ್ಗಿ ವಿತರಣೆ.

ಕರಡನ್ನು ಪರಿಚಯದ ನಲಿ-ಕಲಿ ಟೀಚರೊಬ್ಬರಿಗೆ ಓದಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಗಾಬರಿಬಿದ್ದರು.

'ದಮ್ಮಯ್ಯ ಅಂತೀನಿ, ಇದನ್ನ ಎಲ್ಲೂ ಅಚ್ಚು ಹಾಕಿಸಬೇಡಿ ಸಾರ್. ಅವರ ಕಣ್ಣಿಗೆ ಬಿದ್ರೆ ಮಾಡಿಯೇ ಬಿಡ್ತಾರೆ. ಇಡೀ ಶಾಲೇಲಿ ಅವರು ಇನ್ನೂ ಲೆಕ್ಕ ಕೇಳದೇ ಇರೋದು ಪಾಠ ಒಂದನ್ನೇ. ಅದಕ್ಕೇ ಅದು ದಿನಕ್ಕೆ ಅರ್ಧ ಗಂಟೆನಾದ್ರೂ ನಡೀತಾ ಇದೆ.'